ಎಲ್‌ಎನ್‌ಕ್ಯಾಪ್‌ನಲ್ಲಿ ಕೆಎಲ್‌ಕೆ3, ಜಠರದ ಕೋಶಗಳಲ್ಲಿ ಇ-ಕ್ಯಾಡೆರಿನ್: ಆರು ವಾರದ ಕೆಲಸದ ದಾಖಲೆ

ಹೊಸ ಪ್ರಶ್ನೆಗೆ ಕೈಹಾಕುವ ಮೊದಲು, ಉತ್ತರ ಗೊತ್ತಿರುವ ಎರಡು ಪ್ರಶ್ನೆಗಳನ್ನು ಈ ಮೇಜಿನ ಮೇಲೆ ಮತ್ತೆ ಬಿಡಿಸಿ ನೋಡುವುದು ಸದ್ಯದ ಕೆಲಸ. ಪ್ರೋಸ್ಟೇಟ್ ಕ್ಯಾನ್ಸರಿನ ಎಲ್‌ಎನ್‌ಕ್ಯಾಪ್ ಕೋಶಗಳಿಗೆ ಆಂಡ್ರೊಜನ್ (ಪುರುಷ ಹಾರ್ಮೋನ್) ಕೊಟ್ಟರೆ ಕೆಎಲ್‌ಕೆ3 ಜೀನಿನ ಚಟುವಟಿಕೆ ಏರಬೇಕು. ರಕ್ತಪರೀಕ್ಷೆಯಲ್ಲಿ ಅಳೆಯುವ ಪಿಎಸ್‌ಎ ಈ ಜೀನಿನದೇ ಪ್ರೋಟೀನು. ಜಠರ ಕ್ಯಾನ್ಸರಿನ ಕೋಶಗಳ ಪೈಕಿ ಎನ್‌87ರಲ್ಲಿ ಕೋಶಗಳನ್ನು ಒಂದಕ್ಕೊಂದು ಬೆಸೆಯುವ ಇ-ಕ್ಯಾಡೆರಿನ್ ಪ್ರೋಟೀನು ಕಾಣಬೇಕು, ಎಜಿಎಸ್‌ನಲ್ಲಿ ಕಾಣಬಾರದು. ಇಷ್ಟು ನೆಟ್ಟಗೆ ಬರುವವರೆಗೆ ಬೇರೆ ಯಾವ ಫಲಿತಾಂಶವನ್ನೂ ನಂಬುವಂತಿಲ್ಲ.

ವಾರ 1: ಕೋಶಗಳ ಗುರುತು

ಫ್ರೀಜರಿನಿಂದ ತೆಗೆದ ಪ್ರತಿ ವಯಲ್‌ನಿಂದಲೂ ಡಿಎನ್‌ಎ ತೆಗೆದು ಎಸ್‌ಟಿಆರ್ ಪರೀಕ್ಷೆಗೆ (ಕೋಶದ ಡಿಎನ್‌ಎ ಬೆರಳಚ್ಚಿನಂಥದ್ದು) ಕಳಿಸಿದ್ದಾಯಿತು. ಮೂಲ ದಾಖಲೆಯೊಂದಿಗೆ ಶೇ. 80ಕ್ಕಿಂತ ಕಡಿಮೆ ಹೊಂದಿದರೆ ಆ ವಯಲ್ ಬಳಸುವುದಿಲ್ಲ. ಜಠರ ಕ್ಯಾನ್ಸರ್ ಸಂಶೋಧನೆಯಲ್ಲಿ ಈ ಹಂತ ದಾಟಿಸುವಂತೆಯೇ ಇಲ್ಲ. ಎಂಕೆಎನ್28 ಎಂಬ ಹೆಸರಿನಲ್ಲಿ ಓಡಾಡಿದ ಕೋಶಗಳು ನಿಜಕ್ಕೂ ಎಂಕೆಎನ್74. ಎಸ್‌ಜಿಸಿ-7901 ಮತ್ತು ಬಿಜಿಸಿ-823 ಎಂದು ಹಂಚಿಕೆಯಾದವು ಹೀಲಾ, ಅಂದರೆ ಗರ್ಭಕಂಠದ ಕ್ಯಾನ್ಸರಿನ ಕೋಶಗಳು. ಇವುಗಳ ಮೇಲೆ ನಿಂತ ಪ್ರಬಂಧಗಳನ್ನು ಇಂದಿಗೂ ಜಠರದ ಜೀವಶಾಸ್ತ್ರವೆಂದು ಉಲ್ಲೇಖಿಸುವುದನ್ನು ನೋಡಿದರೆ ಸಂಕಟವಾಗುತ್ತದೆ.

ಮೈಕೊಪ್ಲಾಸ್ಮಾ ಪರೀಕ್ಷೆಯೂ ಇದೇ ವಾರ ಮುಗಿಯಿತು. ಈ ಸಣ್ಣ ಬ್ಯಾಕ್ಟೀರಿಯಾ ಸೇರಿಕೊಂಡರೂ ಮೀಡಿಯಂ (ಕೋಶ ಬೆಳೆಸುವ ದ್ರವ) ಕದಡುವುದಿಲ್ಲ. ಅದಕ್ಕೆ ಕೋಶಭಿತ್ತಿಯೇ ಇಲ್ಲದ್ದರಿಂದ ಪೆನಿಸಿಲಿನ್ ಏನೂ ಮಾಡದು. ಆಂಟಿಬಯೋಟಿಕ್ ಇಲ್ಲದೆ ಕೆಲವು ದಿನ ಬೆಳೆಸಿ, ಕೋಶಗಳು ಒತ್ತಾಗಿ ತುಂಬಿದ ಫ್ಲಾಸ್ಕಿನ ಮೇಲಿನ ದ್ರವದಿಂದ ಬ್ಯಾಕ್ಟೀರಿಯಾದ 16ಎಸ್ ಜೀನು ಹುಡುಕುವ ಪಿಸಿಆರ್ ಮಾಡಬೇಕು. ಎಲ್ಲವೂ ಶುದ್ಧವಾಗಿಯೇ ಬಂದವು.

ಎಜಿಎಸ್ ಬಗ್ಗೆ ಒಂದು ಎಚ್ಚರಿಕೆ. ಈ ಕೋಶಗಳಲ್ಲಿ ಪ್ಯಾರಾಇನ್‌ಫ್ಲುಯೆಂಜಾ ವೈರಸ್ 5 ಸ್ಥಿರವಾಗಿ ನೆಲೆಸಿರುವುದು ವರದಿಯಾಗಿದೆ. ಅದರ ವಿ ಪ್ರೋಟೀನು, ಇಂಟರ್‌ಫೆರಾನ್ ಸಂದೇಶ ಸಾಗಿಸುವ ಸ್ಟ್ಯಾಟ್1 ಅನ್ನು ನಾಶಮಾಡುತ್ತದೆ. ಇ-ಕ್ಯಾಡೆರಿನ್ ಬ್ಲಾಟ್‌ಗೆ (ಆಂಟಿಬಾಡಿಯಿಂದ ಪ್ರೋಟೀನು ಗುರುತಿಸುವ ಪರೀಕ್ಷೆ) ಇದರಿಂದ ಅಡ್ಡಿಯಿಲ್ಲ, ಆದರೆ ಇಂಟರ್‌ಫೆರಾನ್ ಕುರಿತ ಪ್ರಯೋಗಕ್ಕೆ ಈ ಕೋಶಗಳನ್ನು ಮುಟ್ಟಬಾರದು.

ವಾರ 2 ಮತ್ತು 3: ಹಾರ್ಮೋನ್ ಇಲ್ಲದ ಸ್ಥಿತಿ

ಎಲ್‌ಎನ್‌ಕ್ಯಾಪ್ ಕೋಶಗಳು ತಳಕ್ಕೆ ಸಡಿಲವಾಗಿ ಅಂಟುತ್ತವೆ. ಮೀಡಿಯಂ ಅನ್ನು ನೇರವಾಗಿ ಮೇಲಿಂದ ಸುರಿದರೆ ಹಾಳೆಯಂತೆ ಎದ್ದುಬರುತ್ತವೆ. ಪಾಲಿ-ಲೈಸಿನ್ ಲೇಪಿಸಿದ ಆರು ಗುಳಿಯ ಪ್ಲೇಟಿನಲ್ಲಿ ಗುಳಿಗೆ 3 ಲಕ್ಷ ಕೋಶ ಹಾಕಿ, ಎರಡು ದಿನ ಅಲುಗಿಸದೆ ಬಿಟ್ಟು, ಆಮೇಲೆ ಪಿಪೆಟ್ಟನ್ನು ಗೋಡೆಗೆ ತಾಗಿಸಿ ನಿಧಾನವಾಗಿ ಮೀಡಿಯಂ ಬದಲಿಸಿದರೆ ನಷ್ಟ ಕಡಿಮೆ.

ಬದಲಿ ಮೀಡಿಯಂನಲ್ಲಿ ಎರಡು ವಿಷಯ ಗಮನಿಸಬೇಕು. ಸಾಮಾನ್ಯ ಸೀರಮ್‌ನಲ್ಲೇ ಸ್ಟೀರಾಯ್ಡ್‌ಗಳಿರುತ್ತವೆ, ಹಾಗಾಗಿ ಇದ್ದಿಲಿನಿಂದ ಸೋಸಿದ ಸೀರಮ್ ಶೇ. 5ರಿಂದ 10ರಷ್ಟು ಬೇಕು. ಎರಡನೆಯದು ಮೀಡಿಯಂನ ಬಣ್ಣ ಫಿನಾಲ್ ರೆಡ್, ಅದು ಬೇಡ. ಇದಕ್ಕೆ ಸಂಬಂಧಿಸಿದ ಈಸ್ಟ್ರೊಜನ್‌ನಂಥ ಚಟುವಟಿಕೆ ದುರ್ಬಲವಾದರೂ ಎಲ್‌ಎನ್‌ಕ್ಯಾಪ್‌ನಲ್ಲಿ ಅದನ್ನು ಕಡೆಗಣಿಸುವಂತಿಲ್ಲ. ಈ ಕೋಶಗಳ ಆಂಡ್ರೊಜನ್ ರಿಸೆಪ್ಟರಿನಲ್ಲಿ (ಹಾರ್ಮೋನನ್ನು ಹಿಡಿಯುವ ಪ್ರೋಟೀನು) ಥ್ರಿಯೊನಿನ್ ಎಂಬ ಒಂದು ಅಮೈನೊ ಆಮ್ಲದ ಜಾಗದಲ್ಲಿ ಅಲನಿನ್ ಇದೆ. ಅದರಿಂದ ರಿಸೆಪ್ಟರ್ ಈಸ್ಟ್ರೊಜನ್, ಪ್ರೊಜೆಸ್ಟಿರೋನ್‌ಗಳಿಗೂ ಬಾಗಿಲು ತೆರೆಯುತ್ತದೆ. ಪ್ರಬಂಧಗಳಲ್ಲಿ ಇದೇ ಬದಲಾವಣೆಗೆ 868, 877, 878 ಎಂದು ಮೂರು ಸಂಖ್ಯೆ ಕಾಣುತ್ತವೆ. ಎಣಿಕೆಯ ಕ್ರಮ ಬದಲಾಗಿದೆ ಅಷ್ಟೆ, ಜಾಗ ಒಂದೇ.

ಮೊದಲ ಸುತ್ತಿನಲ್ಲಿ 24 ಗಂಟೆ ಮಾತ್ರ ಹಾರ್ಮೋನ್ ತಪ್ಪಿಸಿದ್ದರಿಂದ ನಿಯಂತ್ರಣ ಗುಳಿಗಳಲ್ಲೇ ಕೆಎಲ್‌ಕೆ3 ಎತ್ತರದಲ್ಲಿತ್ತು, ಹಾರ್ಮೋನ್ ಕೊಟ್ಟ ಮೇಲಿನ ಏರಿಕೆ ಅತ್ಯಲ್ಪವಾಗಿ ಕಂಡಿತು. 72 ಗಂಟೆಗೆ ಹೆಚ್ಚಿಸಿದ ಮೇಲೆ ತಳಮಟ್ಟ ಇಳಿದು ವ್ಯತ್ಯಾಸ ಸ್ಪಷ್ಟವಾಯಿತು.

ಹಾರ್ಮೋನಾಗಿ ದೇಹದ್ದೇ ಆಂಡ್ರೊಜನ್ ಆದ ಡಿಎಚ್‌ಟಿ ಬದಲು ಕೃತಕ ಆಂಡ್ರೊಜನ್ ಆರ್‌1881 ಬಳಕೆಯಲ್ಲಿದೆ. ಎಲ್‌ಎನ್‌ಕ್ಯಾಪ್ ಕೋಶಗಳು ಡಿಎಚ್‌ಟಿಗೆ ಗ್ಲುಕುರೊನಿಕ್ ಆಮ್ಲ ಜೋಡಿಸಿ ಬೇಗ ನಿಷ್ಕ್ರಿಯಗೊಳಿಸುತ್ತವೆ. 24 ಗಂಟೆಯ ಪ್ರಯೋಗದ ಕೊನೆಗೆ ಎಷ್ಟು ಉಳಿದಿದೆ ಎಂದು ಹೇಳುವುದೇ ಕಷ್ಟ. ಎಥನಾಲ್‌ನಲ್ಲಿ 1 ಮೈಕ್ರೊಮೋಲಾರ್ ದ್ರಾವಣ ಇಟ್ಟುಕೊಂಡು ಮಿಲಿಲೀಟರಿಗೆ 1 ಮೈಕ್ರೊಲೀಟರ್ ಸೇರಿಸಿದರೆ 1 ನ್ಯಾನೊಮೋಲಾರ್ ಆಗುತ್ತದೆ, ಎಥನಾಲ್ ಶೇ. 0.1 ದಾಟುವುದಿಲ್ಲ. ನಿಯಂತ್ರಣ ಗುಳಿಗೂ ಅಷ್ಟೇ ಎಥನಾಲ್ ಹಾಕಬೇಕು. ಬೆಳಕು ತಾಗದಂತೆ ಟ್ಯೂಬಿಗೆ ಫಾಯಿಲ್ ಸುತ್ತಿಡುವುದು. ಇದೇ ಪ್ಲೇಟಿನಲ್ಲಿ ಕೋಶಗಳ ಬೆಳವಣಿಗೆಯನ್ನೂ ಅಳೆಯುವ ಆಸೆ ಬೇಡ: ಎಲ್‌ಎನ್‌ಕ್ಯಾಪ್ ಬೆಳವಣಿಗೆ 0.1 ನ್ಯಾನೊಮೋಲಾರ್ ಆಸುಪಾಸಿನಲ್ಲಿ ಹೆಚ್ಚಿದ್ದು ಅದಕ್ಕಿಂತ ಮೇಲೆ ತಗ್ಗುತ್ತದೆ, ಕೆಎಲ್‌ಕೆ3 ಮಾತ್ರ ಏರುತ್ತಲೇ ಹೋಗುತ್ತದೆ.

ವಾರ 4: ಆರ್‌ಎನ್‌ಎ ಮತ್ತು ಪ್ರೈಮರ್

ಗುಳಿಗೆ 1 ಮಿಲಿಲೀಟರ್ ಟ್ರೈಜಾಲ್ (ಆರ್‌ಎನ್‌ಎ ತೆಗೆಯುವ ದ್ರಾವಣ), 0.2 ಮಿಲಿಲೀಟರ್ ಕ್ಲೋರೊಫಾರ್ಮ್, 4 ಡಿಗ್ರಿಯಲ್ಲಿ 12,000 ಜಿ, 15 ನಿಮಿಷ. ಮೇಲಿನ ಪದರವನ್ನು ಪೂರ್ತಿ ಎತ್ತುವ ಆಸೆಗೆ ಬಿದ್ದರೆ ನಡುವಿನ ಬಿಳಿ ಪದರದ ಡಿಎನ್‌ಎ ಜೊತೆಗೇ ಬರುತ್ತದೆ. ಕಾಲುಭಾಗ ಬಿಟ್ಟುಬಿಡುವುದೇ ಲಾಭ. ಶುದ್ಧತೆ ತೋರಿಸುವ ಬೆಳಕಿನ ಅಳತೆಯಲ್ಲಿ 260/280 ಅನುಪಾತ 2.0 ಇದ್ದೂ 260/230 ಒಂದಕ್ಕಿಂತ ಕೆಳಗಿದ್ದ ಮಾದರಿಗಳಲ್ಲಿ ಟ್ರೈಜಾಲ್‌ನ ಗ್ವಾನಿಡೀನ್ ಉಳಿದಿತ್ತು. ಶೇ. 75ರ ಎಥನಾಲ್‌ನಲ್ಲಿ ಇನ್ನೊಮ್ಮೆ ತೊಳೆದ ಮೇಲೆ ಸರಿಹೋಯಿತು.

ಪಿಸಿಆರ್‌ನಲ್ಲಿ ಬೇಕಾದ ಜೀನನ್ನು ಹಿಡಿಯುವ ಡಿಎನ್‌ಎ ತುಣುಕು ಪ್ರೈಮರ್; ಅದರದು ದೊಡ್ಡ ಪಾಠ. ಕೆಎಲ್‌ಕೆ3 ಮತ್ತು ಪಕ್ಕದ ಕೆಎಲ್‌ಕೆ2 ಜೀನುಗಳು ಬಹಳ ಹೋಲುತ್ತವೆ. ಅವುಗಳ ಪ್ರೋಟೀನುಗಳಲ್ಲಿ ಸುಮಾರು ಶೇ. 80 ಒಂದೇ. ಎರಡೂ ಆಂಡ್ರೊಜನ್‌ಗೆ ಏರುತ್ತವೆ. ಹೀಗಾಗಿ ಪ್ರೈಮರ್ ಎರಡನ್ನೂ ಹಿಡಿದರೂ ಫಲಿತಾಂಶ ನೋಡಲು ಚೆನ್ನಾಗಿಯೇ ಇರುತ್ತದೆ, ಉತ್ಪನ್ನ ಕರಗುವ ತಾಪ ತೋರಿಸುವ ಮೆಲ್ಟ್ ಕರ್ವ್ ಕೂಡ ಕೆಲವೊಮ್ಮೆ ಸುಳಿವು ಕೊಡುವುದಿಲ್ಲ. ಎರಡು ಜೀನುಗಳ ಅಕ್ಷರಗಳು ಬೇರೆಯಾಗುವ ಜಾಗದಲ್ಲೇ ಪ್ರೈಮರಿನ 3' ತುದಿ ಬೀಳುವಂತೆ ಮಾಡಬೇಕು, ಎಕ್ಸಾನ್ ಸಂಧಿ ದಾಟಿಸಬೇಕು, ಪಿಸಿಆರ್ ಉತ್ಪನ್ನವನ್ನು ಒಮ್ಮೆಯಾದರೂ ಸೀಕ್ವೆನ್ಸ್ ಮಾಡಿಸಬೇಕು. ಹಳೆಯ ಪ್ರೈಮರ್ ಜೋಡಿಯ ಸ್ಟ್ಯಾಂಡರ್ಡ್ ಕರ್ವ್ ಇಳಿಜಾರು -3.92, ಅಂದರೆ ದಕ್ಷತೆ ಸುಮಾರು ಶೇ. 80 ಮಾತ್ರ. ಹೊಸ ಜೋಡಿಯದು -3.38, ಸುಮಾರು ಶೇ. 98. ದಕ್ಷತೆ ಶೇ. 90ರಿಂದ 110ರೊಳಗೆ ಇಲ್ಲದಿದ್ದರೆ ಡೆಲ್ಟಾ-ಡೆಲ್ಟಾ ಸಿಟಿ ಲೆಕ್ಕ (ಪಿಸಿಆರ್ ಸೈಕಲ್‌ಗಳ ವ್ಯತ್ಯಾಸದಿಂದ ಏರಿಕೆ ಅಳೆಯುವುದು) ಹಾಕುವುದರಲ್ಲಿ ಅರ್ಥವಿಲ್ಲ. ಪ್ರತಿ ಸೈಕಲ್‌ಗೆ ದುಪ್ಪಟ್ಟು ಎಂಬುದೇ ಆ ಲೆಕ್ಕದ ಬುನಾದಿ.

ಹೋಲಿಕೆಯ ಜೀನಾಗಿ ಜಿಎಪಿಡಿಎಚ್ ಕೈಬಿಟ್ಟಿದ್ದೇವೆ. ಎಲ್‌ಎನ್‌ಕ್ಯಾಪ್‌ನಲ್ಲಿ ಅದೇ ಆಂಡ್ರೊಜನ್‌ಗೆ ಸ್ಪಂದಿಸುವುದು ವರದಿಯಾಗಿದೆ. ಅಳತೆಗೋಲೇ ಉದ್ದವಾಗುತ್ತಿದ್ದರೆ ಅಳೆದದ್ದಕ್ಕೆ ಬೆಲೆಯಿಲ್ಲ. ಈಗ ಟಿಬಿಪಿ ಮತ್ತು ಎಚ್‌ಎಂಬಿಎಸ್ ಎರಡರ ಸರಾಸರಿ. ಹಾರ್ಮೋನ್ ಇದ್ದ, ಇಲ್ಲದ ಗುಳಿಗಳ ನಡುವೆ ಎರಡೂ ಅರ್ಧ ಸೈಕಲ್‌ಗಿಂತ ಹೆಚ್ಚು ಅಲುಗಲಿಲ್ಲ.

ವಾರ 5: ಮಾಯವಾದ ಬ್ಯಾಂಡ್

ಮೊದಲ ಬ್ಲಾಟ್‌ನಲ್ಲಿ ಎಜಿಎಸ್ ಖಾಲಿ, ಅದು ಸರಿ. ಆದರೆ ಎನ್‌87 ಕೂಡ ಹೆಚ್ಚುಕಡಿಮೆ ಖಾಲಿ! ಇ-ಕ್ಯಾಡೆರಿನ್ ಕಾಣಬೇಕಾದ 120 ಕಿಲೊಡಾಲ್ಟನ್ ಹತ್ತಿರ ಮಸುಕಾದ ಗೆರೆ ಮಾತ್ರ. ಹೋಲಿಕೆಗೆ ನೋಡುವ 42 ಕಿಲೊಡಾಲ್ಟನ್‌ನ ಆಕ್ಟಿನ್ ಎರಡರಲ್ಲೂ ಸಮವಾಗಿದ್ದುದರಿಂದ ಲೋಡಿಂಗ್ ಅಥವಾ ಟ್ರಾನ್ಸ್‌ಫರ್ ತಪ್ಪೆಂದು ಹೇಳುವಂತಿರಲಿಲ್ಲ.

ಕಾರಣ ಕೋಶ ಎತ್ತಿದ ರೀತಿಯಲ್ಲಿತ್ತು. ಇ-ಕ್ಯಾಡೆರಿನ್‌ನ ಹೊರಭಾಗವನ್ನು ಗಟ್ಟಿಯಾಗಿ ಹಿಡಿದಿಡುವುದು ಕ್ಯಾಲ್ಸಿಯಂ. ಕೋಶಗಳನ್ನು ತಳದಿಂದ ಬಿಡಿಸುವ ಟ್ರಿಪ್ಸಿನ್-ಇಡಿಟಿಎಯಲ್ಲಿರುವ ಇಡಿಟಿಎ ಆ ಕ್ಯಾಲ್ಸಿಯಂ ಕಸಿದುಕೊಳ್ಳುತ್ತದೆ, ಟ್ರಿಪ್ಸಿನ್ ಹೊರಭಾಗವನ್ನು ಕತ್ತರಿಸುತ್ತದೆ. ಎನ್‌87 ಗುಂಪು ಗುಂಪಾಗಿ ಬೆಳೆಯುವುದರಿಂದ ಬಿಡಿಸಲು ಹೆಚ್ಚು ಹೊತ್ತು ಟ್ರಿಪ್ಸಿನ್ ಬೇಕಾಗಿತ್ತು. ಪ್ರೋಟೀನು ಹೆಚ್ಚಿರುವ ಕೋಶಕ್ಕೇ ಹೆಚ್ಚು ಪೆಟ್ಟು. ನಮ್ಮ ಆಂಟಿಬಾಡಿ ಹಿಡಿಯುವುದು ಹೊರಭಾಗವನ್ನು, ಹಾಗಾಗಿ ಉಳಿದ ತುಣುಕೂ ಕಾಣಲಿಲ್ಲ.

ಈಗ ಟ್ರಿಪ್ಸಿನ್ ಇಲ್ಲ. ಕ್ಯಾಲ್ಸಿಯಂ ಇರುವ ತಣ್ಣನೆಯ ಪಿಬಿಎಸ್‌ನಲ್ಲಿ ಎರಡು ಸಲ ತೊಳೆದು, ಪ್ಲೇಟಿನ ಮೇಲೇ ಪ್ರೋಟೀನು ಕತ್ತರಿಸುವ ಪ್ರೋಟಿಯೇಸ್‌ಗಳಿಗೆ ತಡೆಗಳಿರುವ, ಕೋಶ ಒಡೆಯುವ ರಿಪಾ ಬಫರ್ ಹಾಕಿ, ಮಂಜುಗಡ್ಡೆಯ ಮೇಲಿಟ್ಟು ಕೆರೆದು ತೆಗೆಯುವುದು. ಗೆರೆಗೆ 20 ಮೈಕ್ರೊಗ್ರಾಂ, ಶೇ. 8ರ ಜೆಲ್. ಎನ್‌87ರಲ್ಲಿ ದಪ್ಪ ಬ್ಯಾಂಡ್ ಬಂತು, ಎಜಿಎಸ್ ಖಾಲಿಯೇ ಉಳಿಯಿತು.

ಜೊತೆಗೆ ಓಡಿಸಿದ ಇನ್ನೊಂದು ಜಠರ ಕ್ಯಾನ್ಸರ್ ಕೋಶ ಎಂಕೆಎನ್45ರಲ್ಲೂ ಬ್ಯಾಂಡ್ ಇದೆ. ಅದರ ಸಿಡಿಎಚ್1 (ಇ-ಕ್ಯಾಡೆರಿನ್‌ನ) ಜೀನಿನಲ್ಲಿ ಎಕ್ಸಾನ್ 6ರ ಅಂಚಿನ ಲೋಪದಿಂದ ನಾಲ್ಕು ಅಮೈನೊ ಆಮ್ಲಗಳಷ್ಟೇ ತಪ್ಪಿಹೋಗಿವೆ. 120ರ ಗೆರೆಯಲ್ಲಿ ಅಷ್ಟು ಸಣ್ಣ ಕೊರತೆ ಕಣ್ಣಿಗೆ ಕಾಣದು. ಬ್ಯಾಂಡ್ ಇದೆ ಎಂದರೆ ಪ್ರೋಟೀನು ಇದೆ ಎಂದಷ್ಟೇ. ಕೋಶಗಳನ್ನು ಬೆಸೆಯುತ್ತಿದೆಯೇ ಎಂಬುದಕ್ಕೆ ಬೇರೆ ಪರೀಕ್ಷೆ ಬೇಕು. 1998ರಲ್ಲಿ ನ್ಯೂಜಿಲೆಂಡಿನ ಮಾವೊರಿ ಕುಟುಂಬಗಳಲ್ಲಿ ಸಿಡಿಎಚ್1 ದೋಷ ಜಠರ ಕ್ಯಾನ್ಸರಿಗೆ ಕಾರಣವೆಂದು ತಿಳಿದಂದಿನಿಂದ ಈ ಜೀನಿನ ಪ್ರತಿ ಅಕ್ಷರಕ್ಕೂ ತೂಕವಿದೆ, ಆದ್ದರಿಂದ ಬ್ಲಾಟ್ ಒಂದನ್ನೇ ನೋಡಿ ಷರಾ ಬರೆಯುವುದು ಸಲ್ಲದು.

ವಾರ 6: ಈಗ ಇಂಕ್ಯುಬೇಟರಿನಲ್ಲಿರುವುದು

ಎಲ್‌ಎನ್‌ಕ್ಯಾಪ್‌ನ ಮೂರು ಪ್ರತ್ಯೇಕ ಪ್ಯಾಸೇಜ್‌ಗಳು (ಬೇರೆ ಬೇರೆ ಸಲ ಬಿಡಿಸಿ ಬೆಳೆಸಿದವು), ಒಂದೊಂದರಲ್ಲೂ ನಾಲ್ಕು ಸ್ಥಿತಿ: ದ್ರಾವಕಗಳು ಮಾತ್ರ, ಆರ್‌1881, ಆರ್‌1881 ಜೊತೆ 10 ಮೈಕ್ರೊಮೋಲಾರ್ ಎನ್ಜಲುಟಮೈಡ್ (ಆಂಡ್ರೊಜನ್ ರಿಸೆಪ್ಟರನ್ನು ತಡೆಯುವ ಔಷಧ), ಎನ್ಜಲುಟಮೈಡ್ ಮಾತ್ರ. ಎನ್ಜಲುಟಮೈಡ್ ಕರಗಿಸಿದ್ದು ಡಿಎಂಎಸ್‌ಒದಲ್ಲಿ, ಆದ್ದರಿಂದ ನಾಲ್ಕರಲ್ಲೂ ಡಿಎಂಎಸ್‌ಒ ಮತ್ತು ಎಥನಾಲ್ ಎರಡೂ ಸಮಪ್ರಮಾಣ. ತಡೆಯಾಗಿ ಹೈಡ್ರಾಕ್ಸಿಫ್ಲುಟಮೈಡ್ ಬಳಸಲಿಲ್ಲ: 878ರ ಬದಲಾವಣೆ ಇರುವ ರಿಸೆಪ್ಟರಿಗೆ ಅದು ತಡೆಯಲ್ಲ, ಚಾಲನೆ. ಆಂಡ್ರೊಜನ್ ರಿಸೆಪ್ಟರ್ ಇಲ್ಲದ, ಪ್ರೋಸ್ಟೇಟ್ ಕ್ಯಾನ್ಸರಿನದೇ ಪಿಸಿ-3 ಕೋಶಗಳು ಪಕ್ಕದ ಪ್ಲೇಟಿನಲ್ಲಿವೆ. ಅಲ್ಲೂ ಕೆಎಲ್‌ಕೆ3 ಏರಿದಂತೆ ಕಂಡರೆ ಮತ್ತೆ ಪ್ರೈಮರಿನಿಂದಲೇ ಶುರು.