ಆಯಿ ಪನ್ನೀರುದಾನಿ ಎಂದುಕೊಂಡ ಹೂವಿನ ಹಿಡಿಕೆ

ಕಾರವಾರದಲ್ಲಿ ನಮಗೆ ಪರಿಚಯದ ಕ್ರೈಸ್ತ ಕುಟುಂಬವೊಂದರ ಹಳೆಯ ಕಪಾಟಿನಿಂದ ಹೊರಬಂದ ಆ ವಸ್ತುವನ್ನು ಕಂಡ ಕೂಡಲೇ ಆಯಿ ಅದು ಪನ್ನೀರುದಾನಿಯೇ ಎಂದು ತೀರ್ಮಾನಿಸಿದಳು. ಗೇಣಿಗಿಂತ ಚಿಕ್ಕದು, ಮೇಲೆ ಕಹಳೆಯ ಬಾಯಿಯಂತೆ ಅರಳಿದ ಬೆಳ್ಳಿಯ ಬಟ್ಟಲು, ಕೆಳಗೆ ಮುತ್ತಿನ ಚಿಪ್ಪಿನ ಹಿಡಿಕೆ. ಆದರೆ ಇಷ್ಟಗಲ ಬಾಯಿಯಿಂದ ಪನ್ನೀರು ಚಿಮುಕಿಸುವುದು ಹೇಗೆ, ತಲೆಯ ಮೇಲೆ ಸುರಿಯಬೇಕಷ್ಟೇ. ಬಟ್ಟಲಿನ ಎರಡು ಬದಿಗೆ ಎದುರುಬದುರಾಗಿ ಒಂದೊಂದು ತೂತು, ಸಣ್ಣ ಸರಪಳಿಗೆ ತೂಗುವ ಸೂಜಿ, ಇನ್ನೊಂದು ಸರಪಳಿಯ ತುದಿಗೆ ಉಂಗುರ ಇದ್ದವು.

ಅದು 19ನೇ ಶತಮಾನದ ಯುರೋಪಿನ ಹೆಂಗಸರು ಹೂಗುಚ್ಛ ಹಿಡಿಯಲು ಬಳಸುತ್ತಿದ್ದ ಹಿಡಿಕೆ. ಫ್ರೆಂಚರು ಇದನ್ನು ಪೋರ್ಟ್-ಬುಕೆ ಎಂದರೆ ಇಂಗ್ಲಿಷರು ಪೋಸಿ ಹೋಲ್ಡರ್ ಎನ್ನುತ್ತಾರೆ. ಹಳೆಯ ವಸ್ತುಗಳ ಸಂಗ್ರಾಹಕರ ಬಾಯಲ್ಲಿ ಓಡಾಡುವ ಟಸ್ಸಿ-ಮಸ್ಸಿ ಎಂಬ ಹೆಸರು ಮೊದಲಿಗೆ ಪುಟ್ಟ ಹೂಗುಚ್ಛಕ್ಕೇ ಇತ್ತು. 1837ರಿಂದ 1901ರವರೆಗೆ ಆಳಿದ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಬೀಸಣಿಗೆ, ಕೈಗವಸುಗಳಂತೆ ಇದೂ ಉಡುಪಿನದೇ ಭಾಗವಾಗಿತ್ತು. ದಂಟುಗಳಿಗೆ ಒದ್ದೆ ಪಾಚಿ ಸುತ್ತಿ ಬಟ್ಟಲಿಗಿಳಿಸಿ, ಸೂಜಿಯನ್ನು ಒಂದು ತೂತಿನಿಂದ ದಂಟುಗಳ ಮೂಲಕ ಇನ್ನೊಂದು ತೂತಿಗೆ ದಾಟಿಸಿದರೆ ಹೂವು ಜಾರುತ್ತಿರಲಿಲ್ಲ, ಬಿಳಿಯ ಕೈಗವಸಿಗೆ ಕಲೆಯೂ ಅಂಟುತ್ತಿರಲಿಲ್ಲ. ನೃತ್ಯಕ್ಕೆ ಎದ್ದಾಗ ಉಂಗುರವನ್ನು ಬೆರಳಿಗೆ ತೊಟ್ಟು ಹಿಡಿಕೆಯನ್ನು ತೂಗಬಿಟ್ಟರೆ ಕೈ ಬಿಡುವಾಗುತ್ತಿತ್ತು.

ದಂತದವು, ಪಿಂಗಾಣಿ ಹಿಡಿಕೆಯವು, ಬೆಳ್ಳಿತಂತಿಯ ಜಾಲರಿ ಕೆಲಸದವು ಹೀಗೆ ಬಗೆಗಳು ಹಲವು. ಪುಟ್ಟ ಕನ್ನಡಿ ಕೂಡಿಸಿದವೂ ಇದ್ದವು, ಅದು ನನಗೆ ಅತಿಯೆನಿಸುತ್ತದೆ. ನಾನು ಮೆಚ್ಚುವುದು ಮೂರು ಕಾಲಿನ ಬಗೆಯನ್ನು: ಸ್ಪ್ರಿಂಗನ್ನು ಬಿಟ್ಟೊಡನೆ ಹಿಡಿಕೆಯೇ ಮೂರಾಗಿ ಸೀಳಿ ಕಾಲುಗಳಾಗುವುದರಿಂದ, ಊಟಕ್ಕೆ ಕುಳಿತವಳು ತನ್ನ ಹೂವನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಬಹುದಿತ್ತು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿ ಇಂಥ ಹಿಡಿಕೆಗಳ ದೊಡ್ಡ ಸಂಗ್ರಹವೇ ಇದೆ.

ನಮ್ಮ ಕಡೆ ಈ ತಾಪತ್ರಯವೇ ಹುಟ್ಟಲಿಲ್ಲ. ಭಟ್ಕಳ ಮಲ್ಲಿಗೆಯಾಗಲಿ ಅಬ್ಬಲಿಗೆಯಾಗಲಿ ಬಾಳೆನಾರಿನಲ್ಲಿ ದಂಡೆಯಾಗಿ ನೇರ ಮುಡಿಗೇರುತ್ತದೆ. ಕೈ ತೆಂಗಿನಕಾಯಿ ತುರಿಯಲಿಕ್ಕೂ ಮಗುವನ್ನು ಎತ್ತಿಕೊಳ್ಳಲಿಕ್ಕೂ ಖಾಲಿಯೇ ಇರುತ್ತದೆ.

ಆ ಮನೆಯ ಮೊಮ್ಮಗಳು ಇಗರ್ಜಿಯಲ್ಲಿ ನಡೆಯುವ ತನ್ನ ಮದುವೆಗೆ ಇದನ್ನೇ ಹಿಡಿಯುವಾಸೆಯಿಂದ ಪೇಟೆಯ ಗುಲಾಬಿಗಳನ್ನು ತಂದಿದ್ದಳು. ದಪ್ಪ ದಂಟಿನ ಎರಡು ಗುಲಾಬಿಗಳಿಗೇ ಬಟ್ಟಲು ತುಂಬಿತು. ನೋಡುತ್ತಿದ್ದ ಆಯಿ ತನ್ನ ಮುಡಿಯಿಂದ ಅಬ್ಬಲಿಗೆ ದಂಡೆಯನ್ನು ಬಿಚ್ಚಿ, ಸುರುಳಿ ಸುತ್ತಿ ಅದರಲ್ಲಿಟ್ಟಳು. ಹಿಡಿಕೆಯನ್ನು ಎತ್ತಿದೊಡನೆ, ಸೂಜಿ ಚುಚ್ಚಲು ದಂಟೇ ಇಲ್ಲದ ಆ ದಂಡೆ ಸುರುಳಿ ಬಿಚ್ಚಿಕೊಂಡು ಮೇಜಿನ ಮೇಲೆ ಬಿತ್ತು.