ಮೇಜಿ ಕಾಲದ ಟೋಕಿಯೊ: ನಗಿಸುವ ಮರದಚ್ಚಿನ ಚಿತ್ರಗಳನ್ನು ನೋಡುವ ಬಗೆ

ಜಪಾನಿನ ಮೇಜಿ ಕಾಲದ (1868–1912) ಚಿತ್ರಕಾರ ಶೋಸಾಯ್ ಇಕ್ಕೇಯ್ 1872ರಲ್ಲಿ ರಚಿಸಿದ ‘ಟೋಕಿಯೊ ಮೇಯ್ಶೊ ಸಾಂಜುರೊಕು ಗಿಸೆನ್’ (ಟೋಕಿಯೊದ ಹೆಸರಾಂತ ತಾಣಗಳ ಮೂವತ್ತಾರು ನಗೆಚಿತ್ರಗಳು) ಸರಣಿಯಲ್ಲಿ ಊರಿನ ಹೆಸರಾಂತ ತಾಣಗಳು ಹಿನ್ನೆಲೆಗೆ ಸರಿದಿವೆ. ಎದುರಿಗೆ ಕಾಣುವವರು ಎಡವಿ ಬೀಳುವವರು, ಡಿಕ್ಕಿ ಹೊಡೆದುಕೊಳ್ಳುವವರು. 1850ರ ದಶಕದಲ್ಲಿ ಮರದಚ್ಚಿನ ಹಿರಿಯ ಚಿತ್ರಕಾರ ಹಿರೋಶಿಗೆ ಇದೇ ಊರನ್ನು ಬರೆದಾಗ ಮನುಷ್ಯರು ಮಳೆ, ಸೇತುವೆಗಳ ನಡುವೆ ಚಿಕ್ಕದಾಗಿ ಸರಿದುಹೋಗುತ್ತಿದ್ದರು.

ಇಂಥ ಚಿತ್ರಗಳಲ್ಲಿ ಮೊದಲು ತಲೆಗಳನ್ನು ನೋಡಿ. 1871ರಲ್ಲಿ ಜುಟ್ಟು ತೆಗೆಯಲು, ಕತ್ತಿಯಿಲ್ಲದೆ ಓಡಾಡಲು ಸರ್ಕಾರ ಅನುಮತಿ ಕೊಟ್ಟಿತು; ಕಡ್ಡಾಯ ಮಾಡಲಿಲ್ಲ. ಹಾಗಾಗಿ ಒಂದೇ ಬೀದಿಯಲ್ಲಿ ಜುಟ್ಟಿನವನೂ ಕ್ರಾಪಿನವನೂ ಕಿಮೊನೊ ಮೇಲೆ ವಿಲಾಯತಿ ಟೋಪಿ ಇಟ್ಟವನೂ ಸಿಗುತ್ತಿದ್ದರು. ಜೊತೆಗೆ ಆಗಷ್ಟೇ ಬಂದಿದ್ದ ಕೈರಿಕ್ಷಾ. ಟೋಕಿಯೊದ ಶಿಂಬಾಶಿಯಿಂದ ಯೊಕೊಹಾಮಾ ಬಂದರಿಗೆ ರೈಲು ಶುರುವಾದದ್ದೂ 1872ರಲ್ಲೇ. ಯಾರು ಹೇಗೆ ನಡೆಯಬೇಕೆಂಬುದೇ ಇನ್ನೂ ತೀರ್ಮಾನವಾಗದ ಊರಿನಲ್ಲಿ ನಗುವಿಗೆ ಬರವೆಲ್ಲಿ!

ಇನ್ನು ಅಚ್ಚಿನ ಕೆಲಸ. ತೆಳು ಕಾಗದದ ಮೇಲಿನ ರೇಖಾಚಿತ್ರವನ್ನು ಚೆರ್ರಿ ಹಲಗೆಗೆ ಮಗುಚಿ ಅಂಟಿಸಿ ಕೆತ್ತುತ್ತಾರೆ. ಅದು ಕಪ್ಪು ಗೆರೆಗಳ ಹಲಗೆ. ಬಣ್ಣಗಳಿಗೆ ಬೇರೆ ಹಲಗೆಗಳು. ಪ್ರತಿ ಹಲಗೆಯಲ್ಲೂ ‘ಕೆಂತೊ’ ಎಂಬ ಎರಡು ಗುರುತು: ಒಂದು ಮೂಲೆಗೆ, ಇನ್ನೊಂದು ಅಂಚಿಗೆ. ಒದ್ದೆ ಮಾಡಿದ ಕಾಗದವನ್ನು ಅಲ್ಲಿ ಕೂರಿಸಿ ‘ಬಾರೆನ್’ ಎಂಬ ಉಜ್ಜುವ ಸಾಧನದಿಂದ ತಿಕ್ಕಬೇಕು. ನಡುವೆ ಕಾಗದ ಆರಿದರೆ ಕುಗ್ಗುತ್ತದೆ, ಮುಂದಿನ ಬಣ್ಣ ಗೆರೆ ದಾಟುತ್ತದೆ. ಕಾಗದಕ್ಕೆ ಬಳಿದ ಅಂಟು, ಪಟಿಕದ ಲೇಪ ಸಾಲದಿದ್ದರೆ ಬಣ್ಣ ಹರಡುತ್ತದೆ. ನಗೆಚಿತ್ರಕ್ಕೆ ಇದು ದೊಡ್ಡ ನಷ್ಟ, ಏಕೆಂದರೆ ಮುಖಭಾವವೆಲ್ಲ ಕೂದಲೆಳೆಯಂಥ ಗೆರೆಗಳಲ್ಲೇ ಇದೆ.

ಆ ಕಾಲದ ಅಚ್ಚುಗಳಲ್ಲಿ ಢಾಳಾಗಿ ಹೊಡೆಯುವ ಕೆಂಪು, ನೇರಳೆ ಯುರೋಪಿನಿಂದ ಬಂದ ಹೊಸ ಬಣ್ಣಗಳವು. ಅದನ್ನು ಅಭಿರುಚಿಹೀನ ಎಂದು ಹಳಿಯುವವರಿದ್ದಾರೆ; ನನಗೆ ಒಪ್ಪಿಗೆಯಿಲ್ಲ. ಹೊಸತನದ ಅಬ್ಬರವನ್ನು ಹಳೆಯ ಸಸ್ಯಬಣ್ಣ ಅಷ್ಟು ಜೋರಾಗಿ ಹೇಳುತ್ತಿರಲಿಲ್ಲ. ಆದರೆ ನೀರು ತಗುಲಿದರೆ ಈ ಕೆಂಪು ಕದಡುತ್ತದೆ, ಬೆಳಕಿಗೆ ಮಾಸುತ್ತದೆ. ಕಲೆ ತೆಗೆಯಲು ಒದ್ದೆ ಬಟ್ಟೆ ಮುಟ್ಟಿಸಲೇಬೇಡಿ.

ಕೊಳ್ಳುವವರು ಅಂಚು ಕತ್ತರಿಸಿದೆಯೇ ನೋಡಬೇಕು. 1872ರಿಂದ 1875ರವರೆಗಿನ ಅಚ್ಚುಗಳ ಚಿಕ್ಕ ದಿನಾಂಕ-ಮುದ್ರೆಯಲ್ಲಿ ವರ್ಷದ ಪ್ರಾಣಿ (ಹನ್ನೆರಡು ಪ್ರಾಣಿಗಳ ಹೆಸರಲ್ಲಿ ವರ್ಷ ಎಣಿಸುವ ಪದ್ಧತಿಯದು), ತಿಂಗಳು ಇರುತ್ತವೆ. 1872 ಮಂಗನ ವರ್ಷ. ಆಮೇಲಿನವುಗಳಲ್ಲಿ ಪ್ರಕಾಶಕರ ಹೆಸರು, ವಿಳಾಸ ಹೆಚ್ಚಾಗಿ ಅಂಚಿನಲ್ಲೇ ಇದ್ದು ಕತ್ತರಿಗೆ ಸಿಕ್ಕಿಬಿಡುತ್ತದೆ. ಹಿಂಬದಿಯನ್ನೂ ತಿರುಗಿಸಿ ನೋಡಿ: ಬಣ್ಣ ಇಳಿದ ಗುರುತು, ಬಾರೆನ್ ತಿಕ್ಕಿದ ಸುತ್ತುಗೆರೆಗಳು ಕಂಡರೆ ಕೈಯಚ್ಚಿನ ಲಕ್ಷಣ. ಭೂತಗನ್ನಡಿಯಲ್ಲಿ ಸಾಲುಸಾಲು ಚುಕ್ಕಿಗಳು ಕಂಡರೆ ಅದು ಯಂತ್ರದ ನಕಲು.