ನಾಲ್ಕು ಗ್ರಾಂ ಅಂದುಕೊಂಡಿದ್ದು ನಾಲ್ಕು ಗ್ರಾಂ ಆಗಿರಲಿಲ್ಲ

ಡಿಗ್ರಿಯ ಮೊದಲ ವರ್ಷದ ಕೆಮಿಸ್ಟ್ರಿಯಲ್ಲಿ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಸತಾಯಿಸಿದ್ದು ಮೋಲ್, ಅಂದರೆ ಪರಮಾಣು, ಅಣುಗಳನ್ನು ಎಣಿಸುವ ಅಳತೆ. ಆರ್ಬಿಟಲ್, ಬಾಂಡ್ ಇವನ್ನೆಲ್ಲ ಚಿತ್ರ ಬಿಡಿಸಿಕೊಂಡು ಹೇಗೋ ತಲೆಗೆ ಹತ್ತಿಸಿಕೊಂಡೆ. ಮೋಲ್‌ಗೆ ಚಿತ್ರವೇ ಇಲ್ಲ. ಡಜನ್ ಅಂದರೆ 12, ಮೋಲ್ ಅಂದರೆ 6.022 × 10²³, ಅಷ್ಟೇ ಅಂತಾರೆ. ಅಷ್ಟೇ ಅಂತೆ! ಡಜನ್ ಪೆನ್ಸಿಲ್ಲನ್ನು ಕೈಯಲ್ಲಿ ಎಣಿಸಬಹುದು. ಇದನ್ನು ಎಣಿಸುವವರು ಯಾರು?

ಯಾರೂ ಎಣಿಸುವುದಿಲ್ಲ, ತೂಗುತ್ತಾರೆ ಅಂತ ಗೊತ್ತಾಗಲು ನನಗೆ ತಿಂಗಳುಗಳೇ ಬೇಕಾದವು. ಒಂದು ಮೊಳೆಯ ತೂಕ ಗೊತ್ತಿದ್ದರೆ ಡಬ್ಬಿ ತುಂಬಾ ಮೊಳೆಯನ್ನು ತೂಗಿಯೇ ಲೆಕ್ಕ ಹೇಳಬಹುದಲ್ವಾ? ಇದೂ ಹಾಗೇ. 18 ಗ್ರಾಂ ನೀರು, ಅಂದರೆ ಸುಮಾರು ಮೂರೂವರೆ ಟೀ ಚಮಚ, ಒಂದು ಮೋಲ್. (2019ರವರೆಗೆ ಮೋಲ್‌ನ ವ್ಯಾಖ್ಯೆಯೂ ತೂಕದ್ದೇ ಆಗಿತ್ತು: 12 ಗ್ರಾಂ ಕಾರ್ಬನ್-12ರಲ್ಲಿ ಎಷ್ಟು ಪರಮಾಣುಗಳಿವೆಯೋ ಅಷ್ಟು. ಈಗ ಸಂಖ್ಯೆಯನ್ನೇ 6.02214076 × 10²³ ಅಂತ ನಿಗದಿ ಮಾಡಿದ್ದಾರೆ.)

ಅರ್ಥ ಆಯ್ತು ಅಂತ ಬೀಗುತ್ತಾ ಲ್ಯಾಬಿಗೆ ಹೋದೆ. 0.1 ಮೋಲಾರ್, ಅಂದರೆ ಲೀಟರಿಗೆ 0.1 ಮೋಲ್ ಇರುವ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಒಂದು ಲೀಟರ್ ಮಾಡಬೇಕು. ಅದರ ಮೋಲಾರ್ ಮಾಸ್, ಅಂದರೆ ಒಂದು ಮೋಲ್‌ನ ತೂಕ, 40 ಗ್ರಾಂ, ಹಾಗಾಗಿ 4 ಗ್ರಾಂ ಸಾಕು. ಬಿಳೀ ಗುಳಿಗೆಗಳನ್ನು ಬ್ಯಾಲೆನ್ಸ್ ಮೇಲೆ ಹಾಕಿದೆ. 4.00 ತೋರಿಸಿತು. ನೋಟ್‌ಬುಕ್ಕಿನಲ್ಲಿ ಬರೆದು ತಲೆ ಎತ್ತಿದರೆ 4.01. ನಾನು ಏನೂ ಹಾಕಿರಲಿಲ್ಲ. ಗುಳಿಗೆಗಳು ಬೆವರಿದ ಹಾಗೆ ಹೊಳೆಯುತ್ತಿದ್ದವು. ಬ್ಯಾಲೆನ್ಸ್ ಸರಿಯಿಲ್ಲ ಅಂದುಕೊಂಡು ಹಾಗೇ ನೀರಿಗೆ ಹಾಕಿ ಕರಗಿಸಿದೆ.

ಆಮೇಲೆ ಟೈಟ್ರೇಶನ್: ಸಾಂದ್ರತೆ ಗೊತ್ತಿರುವ ಆಮ್ಲೀಯ ದ್ರಾವಣಕ್ಕೆ ನನ್ನ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು, ನನ್ನದರ ಸಾಂದ್ರತೆ ಕಂಡುಹಿಡಿಯುವುದು. ಆಮ್ಲೀಯ ದ್ರಾವಣಕ್ಕೆ ಕೆಎಚ್‌ಪಿ, ಪೂರ್ತಿ ಹೆಸರು ಪೊಟ್ಯಾಶಿಯಂ ಹೈಡ್ರೋಜನ್ ಥ್ಯಾಲೇಟ್. ಅದನ್ನು 5.106 ಗ್ರಾಂ ತೂಗಿ 250 ಎಂಎಲ್ ಮಾಡಿದರೆ ಸರಿಯಾಗಿ 0.1 ಮೋಲಾರ್. ಅದರಲ್ಲಿ 25 ಎಂಎಲ್ ಪಿಪೆಟ್‌ನಲ್ಲಿ ತೆಗೆದು ಕ್ಷಾರ ಹೆಚ್ಚಾದರೆ ಗುಲಾಬಿಯಾಗುವ ಸೂಚಕ ಫಿನಾಲ್ಫ್ಥಲೀನ್ ಎರಡು ಹನಿ ಹಾಕಿದೆ. ಹನಿಹನಿ ಬಿಡುವ ಅಳತೆ ಕೊಳವೆ ಬ್ಯೂರೆಟ್‌ನಲ್ಲಿ ನನ್ನ ದ್ರಾವಣ. ಇವೆರಡೂ ಒಂದು ಮೋಲ್‌ಗೆ ಒಂದು ಮೋಲ್ ಲೆಕ್ಕದಲ್ಲಿ ಪ್ರತಿಕ್ರಿಯಿಸುವುದರಿಂದ 25.0 ಎಂಎಲ್‌ಗೆ ಎಂಡ್ ಪಾಯಿಂಟ್, ಅಂದರೆ ಗುಲಾಬಿ ಬಣ್ಣ ನಿಲ್ಲುವ ಹಂತ, ಬರಬೇಕು.

25.0 ದಾಟಿತು. ಫ್ಲಾಸ್ಕ್ ಇನ್ನೂ ಬಣ್ಣವಿಲ್ಲದೆ ನಿಂತಿತ್ತು. ಹನಿ ಬಿದ್ದಲ್ಲಿ ಗುಲಾಬಿ ಬಣ್ಣ ಎದ್ದು, ಅಲ್ಲಾಡಿಸಿದ ಕೂಡಲೇ ಮಾಯ. ಕೊನೆಗೆ 26.0ರಲ್ಲಿ ತೆಳು ಗುಲಾಬಿ ನಿಂತಿತು. ಮತ್ತೆ ಮಾಡಿದೆ, 26.1. ಇನ್ನೊಮ್ಮೆ, 26.0.

ನಿಜ ಹೇಳುತ್ತೇನೆ, 25.0 ಅಂತ ಬರೆದುಬಿಡೋಣ ಅನ್ನಿಸಿತು. ಪೆನ್ನು ಕೈಯಲ್ಲೇ ಇತ್ತು. ಅಷ್ಟರಲ್ಲಿ ಲ್ಯಾಬ್ ಮೇಡಂ ಬಂದು ರೀಡಿಂಗ್ ನೋಡಿ, "ತೂಗುವಾಗ ಎಷ್ಟು ಹೊತ್ತು ತೆರೆದಿಟ್ಟಿದ್ದೆ?" ಅಂದರು. ಬ್ಯಾಲೆನ್ಸ್ ಕತೆ ಹೇಳಿದೆ. ನಕ್ಕರು.

"ಬ್ಯಾಲೆನ್ಸ್ ಸರಿಯಾಗಿಯೇ ಇದೆ. ಆ ಗುಳಿಗೆ ಗಾಳಿಯಲ್ಲಿರುವ ನೀರನ್ನು ಎಳೆದುಕೊಳ್ಳುತ್ತೆ, ಕಾರ್ಬನ್ ಡೈಆಕ್ಸೈಡನ್ನೂ ಬಿಡಲ್ಲ. ಅದಕ್ಕೇ ಕೆಎಚ್‌ಪಿ ಕೊಟ್ಟಿರೋದು. ಅದು ಗಾಳಿಗೆ ಜಗ್ಗಲ್ಲ, ಅದರ ತೂಕ ನಂಬಬಹುದು."

ಕೂತು ಲೆಕ್ಕ ಹಾಕಿದೆ. 25 × 0.1 ÷ 26.0, ಬಂದದ್ದು 0.0962 ಮೋಲಾರ್. ಅದನ್ನು 40ರಿಂದ ಗುಣಿಸಿದರೆ ಸುಮಾರು 3.85 ಗ್ರಾಂ. ನಾನು ತೂಗಿದ ನಾಲ್ಕು ಗ್ರಾಂನಲ್ಲಿ 0.15 ಗ್ರಾಂ ಬೇರೇನೋ, ಬಹುಪಾಲು ನೀರೇ ಇರಬೇಕು. ನಾನು ಮೊಳೆ ಅಂತ ತೂಗಿದ್ದು ಒದ್ದೆ ಮೊಳೆ!

ಅಷ್ಟರಲ್ಲಿ ಪಕ್ಕದಲ್ಲಿಟ್ಟಿದ್ದ ಮೊದಲ ಫ್ಲಾಸ್ಕಿನ ಗುಲಾಬಿ ಪೂರ್ತಿ ಮಾಸಿಹೋಗಿತ್ತು. ಅದೂ ಗಾಳಿಯ ಕಾರ್ಬನ್ ಡೈಆಕ್ಸೈಡಿನದೇ ಕೆಲಸ. ಬಾಟಲಿಯ ಲೇಬಲ್ ಮೇಲೆ ಬೆಳಿಗ್ಗೆ ದೊಡ್ಡದಾಗಿ ಬರೆದಿದ್ದ 0.1 ಹೊಡೆದುಹಾಕಿ 0.0962 ಅಂತ ಬರೆದೆ. ಮುಚ್ಚಳ ಬಿಗಿಯಾಗಿ ಹಾಕಿದೆ.